ಹೆಣ್ಣಾಳಿನ ಕೂಲಿ

ಕನ್ನಡದಲ್ಲಿ ‘ಆಳು’ ಎಂಬ ಮಾತಿಗೆ ಲಿಂಗವಿಲ್ಲ. ಗಂಡಸೂ ಆಳೇ, ಹೆಂಗಸೂ ಆಳೇ. ಆದರೆ ನಮ್ಮ ದಬ್ಬೇಘಟ್ಟದ ಕಡೆ ಯಾರಾದರೂ ‘ನಾಳೆ ತೋಟಕ್ಕೆ ನಾಲ್ಕು ಆಳು ಬೇಕಾಗಿತ್ತು’ ಎಂದರೆ ಎದುರಿನವನು ತಟ್ಟನೆ ಕೇಳುವುದು ಒಂದೇ ಪ್ರಶ್ನೆ: ‘ಗಂಡಾಳೋ, ಹೆಣ್ಣಾಳೋ?’ ಕೆಲಸ ಯಾವುದೆಂಬ ಪ್ರಶ್ನೆ ಆಮೇಲೆ ಬರುತ್ತದೆ; ಕೆಲವು ವೇಳೆ ಬರುವುದೂ ಇಲ್ಲ. ಬರತಕ್ಕವರು ಸೀರೆಯುಟ್ಟವರೋ ಪಂಚೆಯುಟ್ಟವರೋ ಎಂಬ ಕುತೂಹಲಕ್ಕಾಗಿ ಕೇಳಿದ ಪ್ರಶ್ನೆಯಲ್ಲ ಇದು. ಕೂಲಿ ಎಷ್ಟೆಂದು ನಿಶ್ಚಯಿಸುವುದಕ್ಕಾಗಿ ಕೇಳಿದ್ದು. ಗಂಡಾಳು ಎಂಬುದು ಒಂದು ದರ, ಹೆಣ್ಣಾಳು ಎಂಬುದು ಇನ್ನೊಂದು ದರ. ಈ ಎರಡನೆಯದು ಮೊದಲನೆಯದರ ಮುಕ್ಕಾಲನ್ನು ಮುಟ್ಟಿದರೆ ಅದು ಧರ್ಮಿಷ್ಠರ ಊರು. ಅರ್ಧವನ್ನು ಸ್ವಲ್ಪ ದಾಟಿದ್ದರೆ ಲೋಕರೂಢಿಯ ಊರು.

ದಬ್ಬೇಘಟ್ಟವನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ಅದು ತುರುವೇಕೆರೆ ತಾಲ್ಲೂಕಿನ ಒಂದು ಹೋಬಳಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಕಣ್ಣು ಹಾಯುವ ಕಡೆಯೆಲ್ಲ ತೆಂಗು. ಕರಾವಳಿಯವರಂತೆ ಕಾಯಿಯನ್ನು ಒಡೆದು ಬಿಸಿಲಿಗೆ ಹಾಕಿ ಕೊಬ್ಬರಿ ಮಾಡುವ ಪದ್ಧತಿ ನಮ್ಮದಲ್ಲ. ನಮ್ಮದು ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರಡಿ ಹತ್ತು ಹನ್ನೆರಡು ತಿಂಗಳು ಹಾಗೆಯೇ ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಆಗ ಸಿಪ್ಪೆ ಸುಲಿದು, ಚಿಪ್ಪನ್ನು ಒಡೆದು, ಉಂಡೆಯನ್ನು ಇಡಿಯಾಗಿ ಹೊರಗೆ ತೆಗೆಯುತ್ತಾರೆ. ಏಟು ಒಂದು ಕೂದಲೆಳೆ ಜಾಸ್ತಿಯಾದರೆ ಉಂಡೆ ಹೋಳಾಗುತ್ತದೆ. ಹೋಳಾದದ್ದಕ್ಕೆ ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆಯ ಬೆಲೆಯಿಲ್ಲ. ಇಡೀ ವರ್ಷದ ಕಾಯುವಿಕೆ ಆ ಒಂದು ಏಟಿನ ಹದದ ಮೇಲೆ ನಿಂತಿದೆ. ಈ ಹದದ ಏಟು ಹಾಕುವ ಕೈ ನಮ್ಮ ಕಡೆ ಹೆಚ್ಚಾಗಿ ಹೆಂಗಸಿನದು. ತೋಟದ ಕೆಲಸಗಳಲ್ಲೆಲ್ಲ ಅತ್ಯಂತ ನಾಜೂಕಾದ, ತಪ್ಪಿದರೆ ಅತ್ಯಂತ ನಷ್ಟ ತರುವ ಕೆಲಸವನ್ನು ಕಡಿಮೆ ಕೂಲಿಯವಳ ಕೈಗೆ ಕೊಟ್ಟು ಯಜಮಾನ ನಿಶ್ಚಿಂತೆಯಿಂದ ಕುರ್ಚಿಯ ಮೇಲೆ ಕುಳಿತಿರುತ್ತಾನೆ. ಅವಳ ಕೈಯ ಮೇಲೆ ಅವನಿಗೆ ಅಷ್ಟು ಭರವಸೆ. ಭರವಸೆಗೆ ದುಡ್ಡು ಕೊಡುವ ಪದ್ಧತಿ ಮಾತ್ರ ಇಲ್ಲ.

ನಾನು ಹುಟ್ಟಿದ್ದು ಆ ಸೀಮೆಯಲ್ಲಿ, ಹೊಟ್ಟೆಪಾಡಿಗೆ ಬಂದು ಸೇರಿದ್ದು ಬೆಂಗಳೂರು. ಊರಿಗೆ ಹೋದಾಗಲೆಲ್ಲ ಈ ವಿಷಯ ಎತ್ತಿ ನೆಂಟರ ಅಸಮಾಧಾನ ಸಂಪಾದಿಸಿಕೊಂಡಿದ್ದೇನೆ. ದೊಡ್ಡಪ್ಪನ ವರಸೆಯ ಹಿರಿಯರೊಬ್ಬರು ಒಮ್ಮೆ ನನ್ನನ್ನು ಕೂರಿಸಿಕೊಂಡು ತಾಳ್ಮೆಯಿಂದ ತಿಳಿಯಹೇಳಿದರು: ‘ನೋಡಪ್ಪ, ನೀನು ಓದಿದವನು. ಗಂಡಾಳು ಮರ ಹತ್ತುತಾನೆ. ಹೆಣ್ಣಾಳು ಹತ್ತುತಾಳಾ? ಒಂದೇ ಕೂಲಿ ಅಂದ್ರೆ ಹೆಂಗೆ?’

ಮಾತು ನ್ಯಾಯವಾಗಿಯೇ ಕೇಳುತ್ತದೆ. ಮರ ಹತ್ತುವುದು ಪ್ರಾಣಕ್ಕೆ ಎರವಾಗುವ ಕೆಲಸ. ಕೈಜಾರಿ ಬಿದ್ದು ಸೊಂಟ ಮುರಿದುಕೊಂಡವರನ್ನು ಪ್ರತಿಯೊಂದು ಊರೂ ಕಂಡಿದೆ. ಅದಕ್ಕೆ ಹೆಚ್ಚು ಕೂಲಿ ಸಲ್ಲಲೇಬೇಕು. ಆದರೆ ಹತ್ತುವವನಿಗೆ ಲೆಕ್ಕ ಬೇರೆಯೇ ಇದೆ, ಮರಕ್ಕೆ ಇಷ್ಟೆಂದು. ನಾನು ದೊಡ್ಡಪ್ಪನವರನ್ನು ಕೇಳಿದ್ದು ಇಷ್ಟೇ: ಮರ ಹತ್ತದ ದಿನಗಳಲ್ಲಿ? ಬಿದ್ದ ಗರಿಯನ್ನು ಇಬ್ಬರೂ ಎಳೆದು ಒಟ್ಟುವ ದಿನ, ಕಾಯಿ ಆಯ್ದು ಇಬ್ಬರೂ ಮಂಕರಿ ಹೊರುವ ದಿನ, ಇಬ್ಬರೂ ಕಳೆ ಕೀಳುವ ದಿನ, ಆ ಗಂಡಾಳು ಹೆಣ್ಣಾಳಿನ ಕೂಲಿ ತೆಗೆದುಕೊಂಡು ಹೋಗುತ್ತಾನೆಯೆ? ಇಲ್ಲ. ಮರದ ಬುಡದಲ್ಲಿ ನಿಂತಾಗಲೂ ಅವನು ಮರದ ತುದಿಯ ಗೌರವವನ್ನೇ ಪಡೆಯುತ್ತಾನೆ. ಮರ ಹತ್ತಲು ಬಾರದ ಗಂಡಸೂ ಪಡೆಯುತ್ತಾನೆ. ಮೇಲೆ ಬೀಡಿ ಕಾಸು, ಸಂಜೆಯ ಖರ್ಚು ಬೇರೆ. ದೊಡ್ಡಪ್ಪನವರು ಎಲೆಅಡಿಕೆ ಹಾಕಿಕೊಂಡರು. ಅಂದ ಹಾಗೆ ತೆಂಗು ಅಭಿವೃದ್ಧಿ ಮಂಡಳಿಯವರು ೨೦೧೧ರಿಂದೀಚೆಗೆ ಮರ ಹತ್ತುವ ಯಂತ್ರ ಕೊಟ್ಟು ತರಬೇತಿ ನಡೆಸಿದಾಗ ಹೆಂಗಸರೂ ಕಲಿತು ಹತ್ತಿದ್ದಾರೆ. ಮರಕ್ಕೆ ಅವರು ಹೆಂಗಸರೆಂದು ಗೊತ್ತಾಗಲಿಲ್ಲ.

ಈಗ ಕಾಯಿದೆಯ ಮಾತಿಗೆ ಬರೋಣ. ನಮ್ಮ ರಾಜ್ಯಾಂಗದ ೩೯ನೆಯ ವಿಧಿ ಸಮಾನ ಕೆಲಸಕ್ಕೆ ಸಮಾನ ವೇತನವನ್ನು ಸರ್ಕಾರದ ಗುರಿಯೆಂದು ಬರೆದಿಟ್ಟಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೧೯೫೧ರಲ್ಲಿ ಇದೇ ವಿಷಯದ ಮೇಲೆ ಮಾಡಿದ ಒಪ್ಪಂದಕ್ಕೆ ಭಾರತ ೧೯೫೮ರಲ್ಲಿ ಸಹಿ ಹಾಕಿ ಒಪ್ಪಿಕೊಂಡಿತು. ಒಪ್ಪಿಕೊಂಡ ಮೇಲೆ ಹದಿನೇಳು ವರ್ಷ ವಿಶ್ರಾಂತಿ. ೧೯೭೫ರಲ್ಲಿ ಸುಗ್ರೀವಾಜ್ಞೆ, ೧೯೭೬ರಲ್ಲಿ ಸಮಾನ ಸಂಭಾವನೆ ಕಾಯಿದೆ. ಒಂದೇ ಕೆಲಸಕ್ಕೆ, ಅಥವಾ ಒಂದೇ ಬಗೆಯ ಕೆಲಸಕ್ಕೆ, ಹೆಂಗಸೆಂಬ ಕಾರಣದಿಂದ ಕಡಿಮೆ ಕೊಡಕೂಡದು. ಸಮ ಮಾಡುವ ನೆಪದಿಂದ ಗಂಡಸಿನ ಕೂಲಿಯನ್ನು ಇಳಿಸಲೂ ಕೂಡದು. ‘ಒಂದೇ ಬಗೆ’ ಎಂದರೇನು? ಅದನ್ನೂ ಬರೆದರು: ಬೇಕಾಗುವ ಕುಶಲತೆ, ಶ್ರಮ, ಹೊಣೆ ಒಂದೇ ಆಗಿದ್ದು, ವ್ಯತ್ಯಾಸವೇನಾದರೂ ಇದ್ದರೆ ಅದು ವ್ಯವಹಾರದಲ್ಲಿ ಗಣನೆಗೆ ಬಾರದಂಥದಾಗಿದ್ದರೆ ಅದು ಒಂದೇ ಬಗೆ. ಬರೆದವರು ಜಾಣರು. ಆದರೆ ಕಾಯಿದೆಗಿಂತ ಜಾಣರಾದ ಯಜಮಾನರು ನಮ್ಮಲ್ಲಿದ್ದಾರೆ. ಅವರು ಕೂಲಿಗೆ ಕೈ ಹಚ್ಚಲಿಲ್ಲ, ಕೆಲಸದ ಹೆಸರನ್ನೇ ಬೇರೆ ಮಾಡಿದರು. ಸಿಪ್ಪೆ ಸುಲಿಯುವುದು ಗಂಡು ಕೆಲಸ, ಚಿಪ್ಪು ಬಿಡಿಸುವುದು ಹೆಣ್ಣು ಕೆಲಸ. ಲಾರಿಗೆ ಹೇರುವುದು ಗಂಡು ಕೆಲಸ, ಆರಿಸಿ ಗುಡ್ಡೆ ಹಾಕುವುದು ಹೆಣ್ಣು ಕೆಲಸ. ಹೀಗೆ ನಡುವೆ ಒಂದು ಗೋಡೆ ಎಬ್ಬಿಸಿಬಿಟ್ಟರೆ ಹೋಲಿಸುವುದಕ್ಕೆ ಎದುರಿಗೆ ಗಂಡಸೇ ಇರುವುದಿಲ್ಲ. ಹೋಲಿಕೆ ಇಲ್ಲದ ಮೇಲೆ ಅಸಮಾನತೆ ಎಲ್ಲಿಂದ ಬಂತು?

ಇದು ಹಳ್ಳಿಯ ಅಜ್ಞಾನ ಎಂದು ಪಟ್ಟಣದ ವಾಚಕರು ಮೂಗು ಮುರಿಯುವುದಕ್ಕೆ ಮುಂಚೆ ಬೊಂಬಾಯಿಯ ಒಂದು ಕಥೆ ಹೇಳಬೇಕು. ಮೆಕಿನಾನ್ ಮೆಕೆಂಜಿ ಎಂಬುದು ಹಡಗು ವ್ಯವಹಾರದ ದೊಡ್ಡ ಕಂಪೆನಿ. ಅಲ್ಲಿ ಗಂಡಸು ಸ್ಟೆನೋಗ್ರಾಫರುಗಳಿಗೆ ಒಂದು ಸಂಬಳ. ದೊಡ್ಡ ಅಧಿಕಾರಿಗಳ ಬಳಿ ಕೆಲಸ ಮಾಡುವ ಹೆಂಗಸರಿಗೆ ‘ಆಪ್ತ ಮಹಿಳಾ ಸ್ಟೆನೋಗ್ರಾಫರು’ ಎಂಬ ದೊಡ್ಡ ಹೆಸರು, ಸಣ್ಣ ಸಂಬಳ. ೧೯೭೭ರಲ್ಲಿ ಕೆಲಸ ಹೋದ ಮೇಲೆ ಆಡ್ರೆ ಡಿಕೋಸ್ಟಾ ಎಂಬಾಕೆ ಬಾಕಿ ಕೇಳಿದರು. ಕಂಪೆನಿ ಮೂರು ಉತ್ತರ ಕೊಟ್ಟಿತು: ಇವರ ಕೆಲಸದ ವರ್ಗವೇ ಬೇರೆ, ಈ ದರಕ್ಕೆ ಕಾರ್ಮಿಕ ಸಂಘವೇ ಒಪ್ಪಂದದಲ್ಲಿ ಒಪ್ಪಿದೆ, ಹೆಚ್ಚು ಕೊಡಲು ಕಂಪೆನಿಗೆ ಶಕ್ತಿಯಿಲ್ಲ. ಸುಪ್ರೀಂ ಕೋರ್ಟು ೧೯೮೭ರಲ್ಲಿ ಮೂರನ್ನೂ ತಳ್ಳಿಹಾಕಿತು. ಹೆಂಗಸರನ್ನು ಮಾತ್ರ ತುಂಬಿದ ವರ್ಗವನ್ನು ಬೇರೆ ವರ್ಗವೆಂದು ಒಪ್ಪಲಾಗದು, ಒಪ್ಪಂದ ಕಾಯಿದೆಯನ್ನು ಮೀರಲಾರದು, ಬಡತನದ ನೆಪಕ್ಕೆ ಈ ಕಾಯಿದೆಯಲ್ಲಿ ಜಾಗವಿಲ್ಲ ಎಂಬುದು ತೀರ್ಪಿನ ಸಾರ. ಬರೆದವರು ಮೈಸೂರು ಹೈಕೋರ್ಟಿನಲ್ಲಿ ವಕೀಲಿ ಮಾಡಿ ಮೇಲೇರಿದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು, ೧೯೮೯ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಗಳಾದವರು.

ಆ ಮೂರು ಉತ್ತರಗಳನ್ನು ಇನ್ನೊಮ್ಮೆ ಓದಿ. ದಬ್ಬೇಘಟ್ಟದಲ್ಲಿ ನಾನು ಕೇಳಿದ್ದು ಇವನ್ನೇ, ಕಂಪೆನಿಯ ಇಂಗ್ಲಿಷಿನ ಬದಲು ಅಚ್ಚ ಕನ್ನಡದಲ್ಲಿ. ‘ಅದು ಹೆಣ್ಣು ಕೆಲಸ ಕಣಪ್ಪ.’ ‘ಅವರೇ ಒಪ್ಕೊಂಡು ಬರ್ತಾರೆ, ನಾವೇನು ಹಗ್ಗ ಹಾಕಿ ಎಳ್ಕೊಂಡು ಬರ್ತೀವಾ?’ ‘ನುಸಿ ಬಂದು ಕಾಯಿ ಹೋಯ್ತು, ಕೊಬ್ಬರಿ ರೇಟು ಬಿತ್ತು, ಎಲ್ಲಿಂದ ತರೋಣ?’

ಕೊನೆಯ ಮಾತು ಪೂರಾ ಸುಳ್ಳಲ್ಲ. ನುಸಿ ಪೀಡೆ, ಬರ, ಕುಸಿದ ಬೆಲೆ, ಎಲ್ಲವನ್ನೂ ನಮ್ಮ ರೈತ ಕಂಡಿದ್ದಾನೆ. ಬೆಲೆ ಬಿದ್ದಾಗ ಅವನು ತಿಪಟೂರಿನ ಬೀದಿಗೆ ಇಳಿದದ್ದೂ, ಬೆಂಬಲ ಬೆಲೆಯಲ್ಲಿ ಕೊಳ್ಳಿರೆಂದು ಸರ್ಕಾರವನ್ನು ಹಿಡಿದು ನಿಲ್ಲಿಸಿದ್ದೂ ನ್ಯಾಯವೇ. ೨೦೨೫ಕ್ಕೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ ೧೨,೧೦೦ ರೂಪಾಯಿ. ಅದೇ ವರ್ಷ ಮಾರುಕಟ್ಟೆಯ ಬೆಲೆ ಅದರ ಎರಡರಷ್ಟನ್ನೂ ದಾಟಿ ಏರಿತು. ಬೆಲೆ ಬಿದ್ದಾಗ ಹೆಣ್ಣಾಳಿನ ಕೂಲಿ ಏರಿಸಲಾಗದೆ ಹೋದವರು ಬೆಲೆ ಏರಿದಾಗ ಏನು ಮಾಡಿದರು? ಆಗ ಗಂಡಾಳು ಸಿಕ್ಕುವುದು ಕಷ್ಟವೆಂದು ಅವನ ಕೂಲಿ ಏರಿಸಿದರು. ಇವಳದನ್ನು ಎಂದಿನ ದೂರದಲ್ಲಿ ಹಿಂದೆ ನಡೆಸಿದರು. ತಮ್ಮ ಮಾಲಿಗೆ ನ್ಯಾಯಬೆಲೆ ಎಂದರೇನೆಂದು ಇಷ್ಟು ಚೆನ್ನಾಗಿ ಬಲ್ಲ ಜನಕ್ಕೆ ಅವಳ ದುಡಿಮೆಯ ನ್ಯಾಯಬೆಲೆ ಗೊತ್ತಾಗುವುದಿಲ್ಲ ಎಂದರೆ ನಾನು ನಂಬಲಾರೆ. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿಯನ್ನು ಟೆಂಡರಿಗೆ ಇಟ್ಟಾಗ ಈ ಉಂಡೆ ಬಿಡಿಸಿದ್ದು ಗಂಡೋ ಹೆಣ್ಣೋ ಎಂದು ಯಾವ ವರ್ತಕನೂ ಕೇಳಿದ್ದನ್ನು ನಾನು ಕಾಣೆ.

‘ಹೆಂಗಸರು ತಡವಾಗಿ ಬರುತ್ತಾರೆ, ಬೇಗ ಹೋಗುತ್ತಾರೆ’ ಎಂಬುದು ಇನ್ನೊಂದು ಆಕ್ಷೇಪ. ಸರಿ, ಗಂಟೆಯ ಲೆಕ್ಕದಲ್ಲಿ ಕೊಡಿ. ಇಬ್ಬರಿಗೂ ಅದೇ ಗಡಿಯಾರವಿರಲಿ. ‘ಗಂಡಸಿನಷ್ಟು ಬಲವಿಲ್ಲ’ ಎನ್ನುವವರೂ ಇದ್ದಾರೆ. ೨೦೦೫ರ ಉದ್ಯೋಗ ಖಾತರಿ ಕಾಯಿದೆಯ ಕೆಳಗೆ ಇದೇ ಹೆಂಗಸರು ಇದೇ ಹೋಬಳಿಯ ಮಣ್ಣನ್ನು ಅಗೆದು ಹೊತ್ತರು. ಅಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ; ೨೦೨೫-೨೬ರಲ್ಲಿ ನಮ್ಮ ರಾಜ್ಯಕ್ಕೆ ದಿನಕ್ಕೆ ೩೭೦ ರೂಪಾಯಿ ಎಂದು ಗೊತ್ತುಮಾಡಿದ್ದರು. ಸರ್ಕಾರದ ಗುಂಡಿ ತೋಡುವಾಗ ಸಮನಾಗಿದ್ದ ತೋಳು ರಾಯರ ತೋಟದ ಪಾತಿ ಮಾಡುವಾಗ ಸೊರಗಿಹೋಗುವ ಚೋದ್ಯವನ್ನು ವೈದ್ಯಶಾಸ್ತ್ರದವರು ಪರಿಶೀಲಿಸಬೇಕು.

ಪಟ್ಟಣದವರಿಗೆ ಇನ್ನೊಂದು ಕಥೆ ಬಾಕಿಯಿದೆ. ಅದು ನಮ್ಮ ವಿರಾಜಪೇಟೆಯ ಸಿ. ಬಿ. ಮುತ್ತಮ್ಮನವರದು. ೧೯೪೮ರಲ್ಲಿ ಕೇಂದ್ರ ಸೇವೆಯ ಪರೀಕ್ಷೆ ಗೆದ್ದು, ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಹಂಗೆರಿಗೆ ರಾಯಭಾರಿಯಾಗಿ ಹೋದವರು. ಸೇರುವಾಗಲೇ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಬರೆಸಿಕೊಂಡರು. ಸೇವೆಯಲ್ಲಿರುವ ಹೆಂಗಸು ಮದುವೆಯಾಗಲು ಸರ್ಕಾರದ ಅಪ್ಪಣೆ ಪಡೆಯಬೇಕು, ಸಂಸಾರ ಕೆಲಸಕ್ಕೆ ಅಡ್ಡಿಯಾಗುವುದೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೇಳಬಹುದು ಎಂದು ನಿಯಮವಿತ್ತು. ಗಂಡಸು ಅಧಿಕಾರಿಯ ಸಂಸಾರದ ಬಗ್ಗೆ ಸರ್ಕಾರಕ್ಕೆ ಇಂಥ ಆತಂಕವಿರಲಿಲ್ಲ. ಮುತ್ತಮ್ಮನವರಿಗೆ ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಅರ್ಜಿ ವಿಚಾರಣೆಗೆ ಬರುವ ಹೊತ್ತಿಗೆ ಸರ್ಕಾರ ಗಡಿಬಿಡಿಯಿಂದ ಬಡ್ತಿ ಕೊಟ್ಟು ತಕರಾರಿಲ್ಲವೆಂದು ಕೈ ಮುಗಿಯಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ೧೯೭೯ರಲ್ಲಿ ಅರ್ಜಿಯನ್ನು ಮುಗಿಸುವಾಗ ಅಷ್ಟಕ್ಕೆ ಬಿಡದೆ, ರಾಜ್ಯಾಂಗದ ಸಮಾನತೆ ನಿಜವೋ ಕಟ್ಟುಕಥೆಯೋ ಎಂದು ಅನುಮಾನ ಬರುವಂತಿದೆಯೆಂದು ಛೀಮಾರಿ ಹಾಕಿ, ನಿಯಮಗಳನ್ನೆಲ್ಲ ತೊಳೆಯಿರೆಂದರು. ರಾಯಭಾರಿ ಕಚೇರಿಯ ಹೆಣ್ಣಾಳಿಗೂ ಅಟ್ಟದ ಕೆಳಗಿನ ಹೆಣ್ಣಾಳಿಗೂ ಲೆಕ್ಕ ಬರೆದ ಕೈ ಒಂದೇ. ವ್ಯತ್ಯಾಸವೆಂದರೆ ಮುತ್ತಮ್ಮನವರಿಗೆ ದೆಹಲಿಯ ಬಾಗಿಲು ತಟ್ಟುವ ಶಕ್ತಿಯಿತ್ತು, ತಟ್ಟಿದಾಗ ತೋರಿಸಲು ಕಾಗದವಿತ್ತು.

ಹೆಣ್ಣಾಳಿನ ಬಳಿ ಆ ಕಾಗದವಿಲ್ಲ. ನನ್ನ ತಕರಾರೆಲ್ಲ ಬಂದು ನಿಲ್ಲುವುದು ಇಲ್ಲಿ. ೧೯೭೬ರ ಕಾಯಿದೆ ಈಗ ಇಲ್ಲ. ಅದನ್ನೂ ೧೯೪೮ರ ಕನಿಷ್ಠ ವೇತನ ಕಾಯಿದೆಯನ್ನೂ ಇನ್ನೆರಡನ್ನೂ ಸೇರಿಸಿ ೨೦೧೯ರಲ್ಲಿ ವೇತನ ಸಂಹಿತೆ ಮಾಡಿದರು; ಅದು ಜಾರಿಗೆ ಬಂದದ್ದು ೨೦೨೫ರ ನವೆಂಬರ್ ೨೧ರಂದು. ಅದರಲ್ಲಿ ಒಳ್ಳೆಯದಿಲ್ಲವೆಂದು ಹೇಳಲಾರೆ. ಬಾಕಿಯನ್ನು ಮೂರು ವರ್ಷದವರೆಗೆ ಕೇಳಬಹುದು. ಕೂಲಿ ಕೊಟ್ಟಿದ್ದೇನೆಂದು ಸಾಬೀತು ಮಾಡುವ ಭಾರ ಯಜಮಾನನ ಮೇಲೆ. ಅಧಿಕಾರಿಗೆ ಮನಸ್ಸಿದ್ದರೆ ಬಾಕಿಯ ಹತ್ತರಷ್ಟರವರೆಗೆ ಪರಿಹಾರ ಕೊಡಿಸಬಹುದು. ಆದರೆ ಹಳೆಯ ಕಾಯಿದೆ ಭೇದ ಮಾಡಿದವನಿಗೆ ಮೊದಲ ತಪ್ಪಿಗೇ ಮೂರು ತಿಂಗಳಿಗೆ ಕಡಿಮೆಯಿಲ್ಲದ ಸೆರೆಮನೆಯನ್ನಾದರೂ ತೋರಿಸುತ್ತಿತ್ತು. ಹೊಸತು ಕಡಿಮೆ ಕೂಲಿ ಕೊಟ್ಟವನಿಗೆ ಮೊದಲ ತಪ್ಪಿಗೆ ೫೦,೦೦೦ ರೂಪಾಯಿಯವರೆಗೆ ದಂಡ ಹಾಕಿ ಮನೆಗೆ ಕಳಿಸುತ್ತದೆ. ಹಳೆಯದು ನೇಮಕದ ನಂತರದ ಬಡ್ತಿ, ತರಬೇತಿ, ವರ್ಗಾವಣೆಗಳಲ್ಲೂ ಭೇದ ಕೂಡದೆಂದು ಬಿಡಿಸಿ ಹೇಳಿತ್ತು. ಆ ಮಾತುಗಳು ಹೊಸತರಲ್ಲಿ ಕಾಣುವುದಿಲ್ಲ. ಆಫೀಸಿಗೆ ಹೋಗುವ ಹೆಣ್ಣುಮಕ್ಕಳು, ಅವರ ತಂದೆತಾಯಿಗಳು ಇದನ್ನು ಗಮನಿಸಬೇಕು.

ನನ್ನ ಹೋಬಳಿಗೆ ನಾಟುವ ಮುಳ್ಳು ಐವತ್ತನೆಯ ಕಲಮಿನಲ್ಲಿದೆ. ಯಜಮಾನ ಹಾಜರಿ ಮತ್ತು ಕೂಲಿಯ ಪುಸ್ತಕ ಇಡಬೇಕು, ಕೂಲಿ ಚೀಟಿ ಕೊಡಬೇಕು ಎಂದು ಅದು ಹೇಳುತ್ತದೆ. ಹೇಳಿ, ಬೇಸಾಯಕ್ಕೋ ಮನೆಗೆಲಸಕ್ಕೋ ಐದು ಜನಕ್ಕೆ ಮೀರದಂತೆ ಆಳು ಇಟ್ಟವನಿಗೆ ಇದು ಬೇಡ ಎನ್ನುತ್ತದೆ. ಅಧಿಕಾರಿ ಬಂದು ಕೇಳಿದಾಗ ತಕ್ಕಷ್ಟು ಪುರಾವೆ ತೋರಿಸಿದರೆ ಸಾಕು. ತುರುವೇಕೆರೆ ತಾಲ್ಲೂಕಿನ ಸಣ್ಣ ತೋಟಕ್ಕೆ ದಿನಕ್ಕೆ ಎಷ್ಟು ಆಳು ಬರುತ್ತಾರೆ? ಇಬ್ಬರು, ಮೂವರು, ಹೆಚ್ಚೆಂದರೆ ನಾಲ್ವರು. ಅಂದರೆ ಅಂಥ ತೋಟಕ್ಕೆ ಸಮಾನತೆಯೂ ಉಂಟು, ಪುಸ್ತಕವಿಲ್ಲ. ಹಕ್ಕೂ ಉಂಟು, ಚೀಟಿಯಿಲ್ಲ. ಪಕ್ಕದ ಸಾಲಿನ ಗಂಡಸಿಗೆ ಎಷ್ಟು ಕೊಟ್ಟರೆಂದು ಯಾವ ಹಾಳೆಯನ್ನು ನೋಡಿ ಅವಳು ಹೇಳಬೇಕು?

ದೊಡ್ಡ ತೋಟಗಳಲ್ಲಿ ನೆಪ ಬೇರೆ. ಮರದ ಮೇಲಿನ ಕಾಯನ್ನೇ ವ್ಯಾಪಾರಿ ಕೊಳ್ಳುತ್ತಾನೆ, ಮೇಸ್ತ್ರಿ ಆಳು ತರುತ್ತಾನೆ. ಯಜಮಾನ ‘ಅವರು ನನ್ನ ಆಳಲ್ಲ’ ಎನ್ನುತ್ತಾನೆ. ದೆಹಲಿಯಲ್ಲಿ ಏಷ್ಯಾಡ್ ಕ್ರೀಡೆಗೆ ಕಟ್ಟಡ ಕಟ್ಟುವಾಗ ಸರ್ಕಾರವೇ ಹೀಗೆ ಹೇಳಿತ್ತು. ಹೆಂಗಸರ ಕೈಗೆ ದಿನಕ್ಕೆ ಏಳು ರೂಪಾಯಿ ಬರುತ್ತಿತ್ತು, ಉಳಿದದ್ದು ಜಮಾದಾರರ ಜೇಬಿಗೆ. ಒಂದು ಕಾಗದವನ್ನೇ ಅರ್ಜಿಯೆಂದು ತೆಗೆದುಕೊಂಡ ಸುಪ್ರೀಂ ಕೋರ್ಟು ೧೯೮೨ರಲ್ಲಿ, ನಡುವೆ ಗುತ್ತಿಗೆದಾರ ನಿಂತ ಮಾತ್ರಕ್ಕೆ ಕೆಲಸ ಮಾಡಿಸಿಕೊಂಡವರ ಹೊಣೆ ಕಳಚದು ಎಂದಿತು. ನಮ್ಮ ಮೇಸ್ತ್ರಿಗಳಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ. ತೆಂಗಿನಪುಡಿ ಕಾರ್ಖಾನೆಗಳ ಮೇಸ್ತ್ರಿಗಳಿಗೂ ಯಾರಾದರೂ ಓದಿ ಹೇಳಿದರೆ ಉಪಕಾರವಾದೀತು.

ಅಟ್ಟದ ಕೆಳಗೆ ಚಿಪ್ಪು ಒಡೆಯುತ್ತ ಕುಳಿತಿದ್ದ ಒಬ್ಬ ಹೆಂಗಸನ್ನು ನಾನು ಕೇಳಿದೆ: ‘ನಿಮಗೆ ಕಡಿಮೆ ಕೊಡುತ್ತಾರಲ್ಲ, ಕೇಳುವುದಿಲ್ಲವೇನಮ್ಮ?’ ಆಕೆ ಕೈ ನಿಲ್ಲಿಸದೆ ಹೇಳಿದಳು: ‘ಕೇಳಿದ್ರೆ ನಾಳಿಂದ ಕರೆಯಾಕಿಲ್ಲ ಕಣಣ್ಣ. ಕರೆಯೋರು ಇದೊಂದೇ ತೋಟದೋರಾ? ಎಲ್ಲಾರೂ ಒಂದೇ ಮಾತು ಆಡ್ಕೊಂಡವ್ರೆ.’ ನಮ್ಮ ಪ್ರೊಫೆಸರುಗಳು ಅರ್ಥಶಾಸ್ತ್ರದಲ್ಲಿ ಇದನ್ನು ವಿವರಿಸಲು ಒಂದು ಅಧ್ಯಾಯ ತೆಗೆದುಕೊಳ್ಳುತ್ತಾರೆ. ಹೆಣ್ಣಾಳಿನ ಕೂಲಿಯನ್ನು ಮಾರುಕಟ್ಟೆ ಗೊತ್ತುಮಾಡುತ್ತದೆಂಬುದು ಸುಳ್ಳು. ಅರಳಿಕಟ್ಟೆಯ ಮೇಲೆ ಕುಳಿತ ನಾಲ್ಕು ಜನ ಗೊತ್ತುಮಾಡುತ್ತಾರೆ. ‘ನೀನೊಬ್ಬ ಜಾಸ್ತಿ ಕೊಟ್ಟು ಊರಿನ ರೇಟು ಕೆಡಿಸಬೇಡ’ ಎಂದು ಐದನೆಯವನಿಗೆ ಬುದ್ಧಿ ಹೇಳುವವರೂ ಅವರೇ.

ಆ ನಾಲ್ವರಲ್ಲಿ ಇಬ್ಬರು ಈಗ ಊರಿನಲ್ಲಿಲ್ಲ. ಬೆಂಗಳೂರಿನ ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಮನೆ ಕಟ್ಟಿಕೊಂಡು, ಬಹುಶಃ ಈ ಪುರವಣಿಯನ್ನೇ ಓದುತ್ತ ಕುಳಿತಿದ್ದಾರೆ. ತಿಂಗಳಿಗೊಮ್ಮೆ ಹೋಗಿ ತೋಟ ನೋಡಿ ಎಳನೀರು ಕುಡಿದು ಬರುತ್ತಾರೆ. ಮಿಕ್ಕ ದಿನ ಫೋನಿನಲ್ಲಿ ತೋಟ ನೋಡಿಕೊಳ್ಳುವವನ ಲೆಕ್ಕ ಕೇಳುತ್ತಾರೆ. ಆ ಲೆಕ್ಕದಲ್ಲಿ ‘ಗಂ. ಆಳು ೨, ಹೆ. ಆಳು ೪’ ಎಂದು ಎರಡು ಸಾಲು ಇರುತ್ತದೆ. ತಮ್ಮ ಮಗಳಿಗೆ ಕಂಪೆನಿಯಲ್ಲಿ ಅವಳ ಜೊತೆಯ ಹುಡುಗನಿಗಿಂತ ಕಡಿಮೆ ಸಂಬಳವೆಂದು ತಿಳಿದರೆ ಊಟ ಬಿಡುವ ಈ ಮಹನೀಯರು ಎರಡನೆಯ ಸಾಲನ್ನು ಕಣ್ಣು ಮಿಟುಕಿಸದೆ ಕೂಡಿಸಿ ಹಣ ಕಳಿಸುತ್ತಾರೆ. ಅವರ ಮಗಳ ಪರವಾಗಿ ಇರುವ ಸಂಹಿತೆಯೂ ಎರಡನೆಯ ಸಾಲಿನವಳ ಪರವಾಗಿ ಇರುವ ಸಂಹಿತೆಯೂ ಒಂದೇ ಪುಸ್ತಕ, ಅದೇ ಮೂರನೆಯ ಕಲಮು.

ಅವರಿಂದ ನಾನು ಕೇಳುವುದು ದಾನವಲ್ಲ. ಐದು ಜನಕ್ಕೆ ಪುಸ್ತಕ ಬೇಡವೆಂದು ಕಾಯಿದೆ ಹೇಳಿದೆಯೇ ಹೊರತು ಇಡಕೂಡದೆಂದು ಹೇಳಿಲ್ಲ. ಒಂದು ನೋಟ್ ಪುಸ್ತಕ ಸಾಕು. ಅದರಲ್ಲಿ ಹೆಸರು, ಕೆಲಸ, ಗಂಟೆ, ಕೊಟ್ಟ ಹಣ, ಗಂ., ಹೆ. ಎಂಬ ಎರಡು ಅಕ್ಷರ ಬೇಡ. ಚಿಪ್ಪು ಬಿಡಿಸುವುದಕ್ಕೆ ಸಾವಿರ ಕಾಯಿಗೆ ಇಷ್ಟು ಎಂದು ಒಂದೇ ದರ ಬರೆದು ಅಟ್ಟದ ಕಂಬಕ್ಕೆ ಅಂಟಿಸಲಿ, ಆ ದರ ಸಿಪ್ಪೆ ಸುಲಿಯುವವನ ದಿನದ ಸಂಪಾದನೆಗೆ ಸಮನಾಗಿ ಕೂಡಿಬರುವಂತೆ ಇರಲಿ. ಹಾಗೆ ಮಾಡಿದರೆ ಅಕ್ಕಪಕ್ಕದ ತೋಟದವರು ಜಗಳಕ್ಕೆ ಬರುತ್ತಾರೆ ಎಂದು ದೊಡ್ಡಪ್ಪನವರು ಹೇಳಿದರು. ಬರಲಿ. ಕೊಬ್ಬರಿ ಬೆಲೆ ಬಿದ್ದ ದಿನ ಇದೇ ಅಕ್ಕಪಕ್ಕದವರು ಒಂದೇ ಬೆಳಗಿನಲ್ಲಿ ಸಭೆ ಸೇರಿ, ಒಂದೇ ಬೆಲೆ ನಿಶ್ಚಯಿಸಿ, ಟ್ರ್ಯಾಕ್ಟರು ಹತ್ತಿ ತಿಪಟೂರಿಗೆ ಹೋದದ್ದನ್ನು ನಾನು ನೋಡಿದ್ದೇನೆ. ಅಂಥದೇ ಇನ್ನೊಂದು ಸಭೆಯನ್ನು ದಬ್ಬೇಘಟ್ಟದಲ್ಲಿ ಕೊಬ್ಬರಿ ಒಡೆಸುವ ಕಾಲಕ್ಕೆ ಮುಂಚೆ ಕರೆಯಬಹುದು. ಈ ಸಲ ಚಿಪ್ಪು ಒಡೆಯುವವರನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ.